ಮೂತ್ರಕೋಶ ತೆಗೀಬೇಕು ಅಂದಾಗ

ನಾನು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿಯವಳು. ವಯಸ್ಸು 57. ಊರಿನ ಮಹಿಳಾ ಹಾಲು ಉತ್ಪಾದಕರ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ. ಬೀಡಿ, ಸಿಗರೇಟು, ಹೊಗೆಸೊಪ್ಪು ಯಾವುದನ್ನೂ ಮುಟ್ಟಿದವಳಲ್ಲ. ಆದರೂ ಮೂತ್ರಕೋಶದಲ್ಲಿ ಕ್ಯಾನ್ಸರ್ ಬಂತು. ಮೊದಲ ಹಂತದ ಚಿಕಿತ್ಸೆ ಮುಗಿದು, ಮೊನ್ನೆ ಒಳಗೆ ಕ್ಯಾಮೆರಾ ಬಿಟ್ಟು ನೋಡಿದ ಡಾಕ್ಟರು "ಸದ್ಯಕ್ಕೆ ಏನೂ ಕಾಣ್ತಿಲ್ಲಮ್ಮ" ಅಂದಿದ್ದಾರೆ. ಈ ಕಾಯಿಲೆ ಗಂಡಸರಿಗೆ ಮೂರು ನಾಲ್ಕು ಪಟ್ಟು ಹೆಚ್ಚಂತೆ. ಅದಕ್ಕೋ ಏನೋ, ಹೆಂಗಸರು ಇದನ್ನು ಅನುಭವಿಸಿ ಕನ್ನಡದಲ್ಲಿ ಬರೆದದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ಗಂಡಸರ ಮುಂದೆ ಹೇಳಲು ಸಂಕೋಚಪಡುವ ವಿಷಯಗಳೂ ಇದರಲ್ಲಿವೆ. ಇಲ್ಲಿ ಮುಚ್ಚಿಡುವುದಿಲ್ಲ.

ಮುಟ್ಟು ನಿಂತು ಏಳೆಂಟು ವರ್ಷವಾಗಿತ್ತು. ಒಂದು ಬೆಳಿಗ್ಗೆ ಒಂದಕ್ಕೆ ಹೋದಾಗ ಕೆಂಪಗೆ ಹೋಯಿತು. ನೋವಿಲ್ಲ, ಉರಿಯಿಲ್ಲ, ಜ್ವರವಿಲ್ಲ. ಎರಡು ದಿನ ಹಾಗೇ ಇದ್ದು ತಾನಾಗಿಯೇ ನಿಂತಿತು. ಮತ್ತೆ ಮುಟ್ಟು ಶುರುವಾಯಿತೇನೋ ಎನ್ನುವುದೇ ಮೊದಲ ಅನುಮಾನ. ಹೆಂಗಸರ ಡಾಕ್ಟರ ಹತ್ತಿರ ಹೋದೆವು. ಗರ್ಭಕೋಶದ ಸ್ಕ್ಯಾನ್ ಮಾಡಿಸಿದರು, ಏನೂ ತೊಂದರೆಯಿಲ್ಲ. "ಯೂರಿನ್ ಇನ್‌ಫೆಕ್ಷನ್ ಇರಬಹುದು" ಎಂದು ಒಂದು ಕ್ಲಿನಿಕ್ಕಿನಲ್ಲಿ ಮಾತ್ರೆ ಬರೆದುಕೊಟ್ಟರು. ಮಾತ್ರೆ ಮುಗಿದ ಮೇಲೆ ಮತ್ತೆ ಮೂತ್ರ ಪರೀಕ್ಷೆ ಮಾಡಿಸಿ ಎಂದು ಯಾರೂ ಹೇಳಲಿಲ್ಲ. ಊರಲ್ಲಂತೂ ಎಲ್ಲರದೂ ಒಂದೇ ಮಾತು: ಬೋರ್‌ವೆಲ್ ನೀರು, ಕಲ್ಲಾಗಿದೆ. ಬಾಳೆದಿಂಡಿನ ರಸ ಕುಡಿದೆ, ಬಾರ್ಲಿ ಗಂಜಿ ಕುಡಿದೆ. ರಕ್ತ ನಿಂತೇ ಇತ್ತಲ್ಲ, ಗುಣವಾಯಿತು ಅಂದುಕೊಂಡರು.

ಇಲ್ಲೊಂದು ಮಾತು. ನೋವಿಲ್ಲದೆ ಮೂತ್ರದಲ್ಲಿ ರಕ್ತ ಬಂದು ನಿಂತುಹೋಗುವುದೇ ಈ ಕಾಯಿಲೆಯ ರೀತಿ ಎಂದು ಆಮೇಲೆ ತಿಳಿಯಿತು. ಕಲ್ಲಾದರೆ ಸಾಮಾನ್ಯವಾಗಿ ನೋವು ಇರುತ್ತದೆ. ಒಂದೇ ಸಲ ಬಂದಿದ್ದರೂ ಯುರಾಲಜಿ ಡಾಕ್ಟರಿಗೆ ತೋರಿಸಬೇಕು. ರಕ್ತ ಯಾವ ದಾರಿಯಿಂದ ಬರುತ್ತಿದೆ ಎನ್ನುವುದು ಹೆಂಗಸರಿಗೆ ಸಲೀಸಾಗಿ ತಿಳಿಯುವುದಿಲ್ಲ. ಆಸ್ಪತ್ರೆಯ ನರ್ಸ್ ಒಬ್ಬರು ಹೇಳಿಕೊಟ್ಟ ಉಪಾಯ ಇದು: ಯೋನಿಯ ಬಾಯಿಗೆ ಶುಭ್ರವಾದ ಹತ್ತಿ ಇಟ್ಟುಕೊಂಡು, ಬಿಳಿ ಲೋಟದಲ್ಲಿ ಮೂತ್ರ ಹಿಡಿದು ನೋಡುವುದು. ಹತ್ತಿ ಬೆಳ್ಳಗಿದ್ದು ಲೋಟ ಕೆಂಪಾದರೆ ಗರ್ಭಕೋಶದ ಬೆನ್ನು ಬೀಳುವುದನ್ನು ಬಿಡಬಹುದು.

ಎರಡನೇ ಸಲ ರಕ್ತ ಬಂದಾಗ ಸೊಸೆಯೇ ಹಟ ಮಾಡಿ ಚಿಕ್ಕಬಳ್ಳಾಪುರಕ್ಕೆ ಕರೆದುಕೊಂಡು ಹೋಗಿ ಹೊಟ್ಟೆ ಸ್ಕ್ಯಾನ್ ಮಾಡಿಸಿದಳು. ಇದಕ್ಕೆ ಮೂತ್ರ ತುಂಬಿರಬೇಕು. ನೀರು ಕುಡಿದು ಕೂತರೆ ಸರದಿ ಬರುವುದಿಲ್ಲ, ತಡೆಯಲಾರದೆ ಹೋಗಿ ಬಂದರೆ ಹೆಸರು ಕೂಗುತ್ತಾರೆ. ಕಡೆಗೂ ಆಯಿತು. ಸ್ಕ್ಯಾನ್ ಮಾಡುತ್ತಿದ್ದವರು ಮಾತಾಡುತ್ತಿದ್ದವರು ಸುಮ್ಮನಾಗಿಬಿಟ್ಟರು. ಮೂತ್ರಕೋಶದ ಗೋಡೆಗೆ ಅಂಟಿಕೊಂಡಂತೆ ಎರಡೂವರೆ ಸೆಂಟಿಮೀಟರ್ ಗಡ್ಡೆ. ಸಿಟಿ ಯೂರೋಗ್ರಾಮ್ ಮಾಡಿಸಲು ಬರೆದರು. ರಕ್ತನಾಳಕ್ಕೆ ಔಷಧಿ ಬಿಟ್ಟು ತೆಗೆಯುವ ಸ್ಕ್ಯಾನ್ ಅದು. ಕಿಡ್ನಿ ತಡೆದುಕೊಳ್ಳುತ್ತದೆಯೇ ಎಂದು ಮೊದಲೇ ಕ್ರಿಯಾಟಿನಿನ್ ರಕ್ತಪರೀಕ್ಷೆ ಬೇಕು. ಅದಿಲ್ಲದೆ ಹೋದರೆ ಅವತ್ತು ವಾಪಸ್ಸು ಕಳಿಸುತ್ತಾರೆ. ಹೊಟ್ಟೆ ಸ್ಕ್ಯಾನಿಗೆ ಸಾವಿರ ಚಿಲ್ಲರೆ, ಸಿಟಿಗೆ ಸುಮಾರು 7,500 ರೂಪಾಯಿ ಆಯಿತು.

ಸಿಟಿ ಆಗಿ, ಸರ್ಕಾರಿ ಆಸ್ಪತ್ರೆಗೆ ಹೋಗಬೇಕು ಎಂದು ಕಾಗದಪತ್ರ ಹೊಂದಿಸುತ್ತಿದ್ದಾಗಲೇ ಒಂದು ರಾತ್ರಿ ರಕ್ತ ಹೆಪ್ಪುಗಟ್ಟಿ ಒಂದಕ್ಕೆ ಕಟ್ಟಿಕೊಂಡಿತು. ಹೆರಿಗೆ ನೋವು ಕಂಡವಳು ನಾನು. ಆದರೂ ಆ ರಾತ್ರಿಯನ್ನು ಶತ್ರುವಿಗೂ ಬಯಸುವುದಿಲ್ಲ. ಮಗ ಕಾರು ಮಾಡಿಕೊಂಡು ಬೆಂಗಳೂರಿನ ಕಡೆ ಸಿಕ್ಕಿದ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದ. ದಪ್ಪ ಪೈಪು ಹಾಕಿ ಸಲೈನ್ ಬಿಟ್ಟು ತೊಳೆದರು. ಮಾರನೆಯ ದಿನ ಬೆನ್ನಿಗೆ ಇಂಜೆಕ್ಷನ್ ಕೊಟ್ಟು, ಮೂತ್ರದ ದಾರಿಯಿಂದಲೇ ಕ್ಯಾಮೆರಾ ಬಿಟ್ಟು, ಗಡ್ಡೆಯನ್ನು ಕರೆಂಟಿನಿಂದ ಕೆತ್ತಿ ತೆಗೆದರು. ಟಿಯುಆರ್‌ಬಿಟಿ ಅಂತ ಇದರ ಹೆಸರು. ಹೊಟ್ಟೆ ಕೊಯ್ಯುವುದಿಲ್ಲ, ಹೊಲಿಗೆಯಿಲ್ಲ. ಆದರೆ ಪೈಪು ತೆಗೆದ ಮೇಲೆ ಮೊದಲ ಸಲ ಒಂದಕ್ಕೆ ಹೋಗುವಾಗ ಮೆಣಸಿನಪುಡಿ ಹಾಕಿದಂತೆ ಉರಿಯುತ್ತದೆ. ಎಲ್ಲಾ ಸೇರಿ 80 ಸಾವಿರದ ಮೇಲೆ ಬಿಲ್ಲು. ಆ ಆಸ್ಪತ್ರೆ ಆಯುಷ್ಮಾನ್ ಪಟ್ಟಿಯಲ್ಲಿ ಇರಲಿಲ್ಲ. ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಯಾಗಿದ್ದರೆ ಕೆಲವು ತುರ್ತು ಚಿಕಿತ್ಸೆಗಳಿಗೆ ರೆಫರಲ್ ಚೀಟಿಯೂ ಬೇಕಾಗುವುದಿಲ್ಲವಂತೆ. ನಿಮ್ಮ ಮನೆಯಲ್ಲಿ ಇಂಥ ಗಡ್ಡೆ ಇದೆ ಎಂದು ತಿಳಿದ ದಿನವೇ, ಹತ್ತಿರದಲ್ಲಿ ಪಟ್ಟಿಯಲ್ಲಿರುವ ಆಸ್ಪತ್ರೆ ಯಾವುದು ಎಂದು ಕೇಳಿಟ್ಟುಕೊಳ್ಳಿ.

ತುಂಡು ಪರೀಕ್ಷೆಗೆ ಹೋಯಿತು. ವರದಿ ಬರುವವರೆಗಿನ ಕಾಲ ಹೇಗೆ ಕಳೆಯಿತೋ ನನಗೆ ನೆನಪಿಲ್ಲ. ಸಂಘದಲ್ಲಿ ಹಾಲಿನ ಲೆಕ್ಕ ಒಂದು ಸಲವೂ ತಪ್ಪಲಿಲ್ಲ ಎನ್ನುವುದು ಮಾತ್ರ ನೆನಪಿದೆ. ಮನೆಯಲ್ಲಿ ಯಜಮಾನರು ಮಾತೇ ಬಿಟ್ಟಿದ್ದರು. ಅವರು ಇಪ್ಪತ್ತು ವರ್ಷ ಬೀಡಿ ಸೇದಿ ಬಿಟ್ಟವರು. ಹೊಗೆಯ ವಿಷ ಕಿಡ್ನಿಯಲ್ಲಿ ಸೋಸಿ ಮೂತ್ರದಲ್ಲಿ ಸೇರಿ ಗಂಟೆಗಟ್ಟಲೆ ಮೂತ್ರಕೋಶದಲ್ಲಿ ನಿಲ್ಲುತ್ತದೆ, ಅದಕ್ಕೇ ಸೇದುವವರಿಗೆ ಇದು ಹೆಚ್ಚು ಎಂದು ಡಾಕ್ಟರು ಹೇಳಿದ್ದನ್ನು ಅವರು ಕೇಳಿಸಿಕೊಂಡಿದ್ದರು. "ನನಗೆ ಬರಬೇಕಾಗಿದ್ದು" ಎಂದು ಒಂದು ಸಲ ಅಂದರು. "ಸುಮ್ಮನಿರಿ, ಹಂಚಿಕೊಳ್ಳೋಕೆ ಇದೇನು ಪ್ರಸಾದವಾ" ಅಂದೆ.

ವರದಿ ಬಂತು. ಹೈ ಗ್ರೇಡ್, ಹಂತ ಟಿ1. ಆ ಆಸ್ಪತ್ರೆಯ ಡಾಕ್ಟರು ಐದು ನಿಮಿಷದಲ್ಲಿ ಹೇಳಿದ್ದು ಇಷ್ಟು: ಇದು ಚುರುಕು ಜಾತಿಯದು, ಮೂತ್ರಕೋಶ ತೆಗೆದುಬಿಡೋಣ, ಹೆಂಗಸರಲ್ಲಿ ಅದರ ಜೊತೆ ಸಾಮಾನ್ಯವಾಗಿ ಗರ್ಭಕೋಶ, ಅಂಡಾಶಯ, ಯೋನಿಯ ಮುಂಭಾಗದ ಸ್ವಲ್ಪವೂ ಹೋಗುತ್ತದೆ, ಮೂತ್ರ ತುಂಬಿಕೊಳ್ಳಲು ಹೊಟ್ಟೆಯ ಮೇಲೆ ಚೀಲ ಅಂಟಿಸಿಕೊಳ್ಳಬೇಕು, ದಿನ ಗೊತ್ತು ಮಾಡಲು ಮುಂಗಡ ಕಟ್ಟಿ. ಸುಳ್ಳು ಹೇಳಿದರು ಅಂತ ನಾನು ಹೇಳುವುದಿಲ್ಲ. ಹೈ ಗ್ರೇಡ್ ಟಿ1 ಗಡ್ಡೆಗೆ ಬೇಗನೇ ಮೂತ್ರಕೋಶ ತೆಗೆಯುವುದೂ ಒಂದು ಒಪ್ಪಿತ ದಾರಿಯೇ. ಆದರೆ ಬೇರೆ ದಾರಿ ಇದೆ ಎನ್ನುವ ಮಾತು ಬರಲಿಲ್ಲ. ಮಗ ಮುಂಗಡ ಕಟ್ಟಲು ಚೀಟಿ ಹಣ ಎತ್ತುವುದಕ್ಕೂ ಹೊರಟಿದ್ದ. ಸೊಸೆ ತಡೆದಳು: "ಇನ್ನೊಬ್ಬರ ಹತ್ರ ಕೇಳಿಯೇ ಕಟ್ಟೋಣ, ಒಂದು ವಾರಕ್ಕೆ ಏನೂ ಆಗಲ್ಲ."

ನಮ್ಮ ಕಡೆಯವರಿಗೆ ಸರ್ಕಾರಿ ಮಟ್ಟದಲ್ಲಿ ಬೆಂಗಳೂರಿನಲ್ಲಿ ಕಿದ್ವಾಯಿ ಇದೆ, ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ನೆಫ್ರೋ ಯುರಾಲಜಿ ಸಂಸ್ಥೆಯೂ ಇದೆ. ನಾನು ಎಲ್ಲಿ ತೋರಿಸಿದೆ ಎಂದು ಬರೆಯುವುದಿಲ್ಲ, ಆಸ್ಪತ್ರೆಗಿಂತ ಅಲ್ಲಿ ಕೇಳಿದ ಪ್ರಶ್ನೆ ಮುಖ್ಯ. ಎರಡನೇ ಡಾಕ್ಟರು ಸಿಟಿ ಫಿಲಂ ಪಕ್ಕಕ್ಕಿಟ್ಟು ಬಯಾಪ್ಸಿ ವರದಿಯನ್ನು ಕಡೇ ಸಾಲಿನವರೆಗೆ ಓದಿದರು. "ಇದರಲ್ಲಿ ಮಸಲ್ ಬಂದಿಲ್ಲವಲ್ಲಮ್ಮ" ಅಂದರು.

ನಮಗೆ ಅರ್ಥವಾಗಲಿಲ್ಲ. ಅವರು ತಮ್ಮ ಕೋಣೆಯ ಗೋಡೆಯನ್ನೇ ತೋರಿಸಿ ಹೇಳಿದರು. ಮೂತ್ರಕೋಶದ ಗೋಡೆಯೂ ಹೀಗೇ, ಮೇಲೆ ಸುಣ್ಣ, ಅದರ ಕೆಳಗೆ ಗಾರೆ, ಅದರ ಕೆಳಗೆ ಇಟ್ಟಿಗೆ. ಗಡ್ಡೆ ಸುಣ್ಣದಲ್ಲೇ ಇದ್ದರೆ ಟಿಎ, ಗಾರೆಗೆ ಇಳಿದರೆ ಟಿ1, ಇಟ್ಟಿಗೆಗೆ ನುಗ್ಗಿದರೆ ಟಿ2. ಇಟ್ಟಿಗೆ ಅಂದರೆ ಮಾಂಸಖಂಡ. ನಿಮ್ಮಿಂದ ತೆಗೆದ ತುಂಡಿನಲ್ಲಿ ಗಾರೆಯವರೆಗೆ ಮಾತ್ರ ಇದೆ, ಇಟ್ಟಿಗೆಯ ಚೂರೇ ಇಲ್ಲ. ಹಾಗಿದ್ದಾಗ ಕ್ಯಾನ್ಸರ್ ಇಟ್ಟಿಗೆಗೆ ಹೋಗಿಲ್ಲ ಎಂದು ಯಾರು ಹೇಳಬೇಕು? ಹೋಗಿದೆ ಎಂದಾದರೂ ಯಾರು ಹೇಳಬೇಕು?

ಈ ಬರಹದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಚಿಕಿತ್ಸೆ ಯಾವುದು ಎನ್ನುವ ಚರ್ಚೆಗೆ ಮೊದಲು, ವರದಿಯಲ್ಲಿ ಡೆಟ್ರೂಸರ್ ಮಸಲ್ ಅಥವಾ ಮಸ್ಕ್ಯುಲಾರಿಸ್ ಪ್ರೊಪ್ರಿಯಾ ಎಂದು ಬರೆದಿರುವ ಸಾಲು ಹುಡುಕಿಸಿ. ಅದು ತುಂಡಿನಲ್ಲಿ ಇದೆಯಾ, ಇದ್ದರೆ ಅದರೊಳಗೆ ಕ್ಯಾನ್ಸರ್ ಇದೆಯಾ ಎಂದು ಕೇಳಿ. ಟಿ1ಕ್ಕೂ ಟಿ2ಕ್ಕೂ ಚಿಕಿತ್ಸೆಯಲ್ಲಿ ಅಜಗಜಾಂತರ. ಆ ಸಾಲು ಇಲ್ಲದಿದ್ದರೆ, ಅಥವಾ ಹೈ ಗ್ರೇಡ್ ಟಿ1 ಎಂದಿದ್ದರೆ, ಎರಡರಿಂದ ಆರು ವಾರದೊಳಗೆ ಅದೇ ಜಾಗವನ್ನು ಮತ್ತೊಮ್ಮೆ ಕೆತ್ತಿ ಪರೀಕ್ಷೆಗೆ ಕಳಿಸುವುದು ಪದ್ಧತಿ.

ಹಳೆಯ ತುಂಡನ್ನು ತಮ್ಮ ಪೆಥಾಲಜಿಯವರಿಗೂ ತೋರಿಸಬೇಕು, ಸ್ಲೈಡು ಮತ್ತು ಬ್ಲಾಕು ತನ್ನಿ ಅಂದರು. ಬ್ಲಾಕು ಅಂದರೆ ನಮ್ಮ ಮಾಂಸದ ಚೂರನ್ನು ಮೇಣದಲ್ಲಿ ಹುದುಗಿಸಿಟ್ಟ ಸಣ್ಣ ಬಿಲ್ಲೆ. ಅದು ರೋಗಿಯ ಸ್ವತ್ತು ಎಂದು ನಾವು ತಿಳಿದಿದ್ದೆವು. ಲ್ಯಾಬಿನವರಿಗೆ ಹಾಗನ್ನಿಸಲಿಲ್ಲ. ಡಾಕ್ಟರ ಪತ್ರ ತನ್ನಿ, ರೋಗಿಯ ಸಹಿ ತನ್ನಿ, ಸಂಬಂಧಪಟ್ಟವರು ರಜೆಯಲ್ಲಿದ್ದಾರೆ, ನಾಳೆ ಬನ್ನಿ. ಮಗನ ಚಪ್ಪಲಿ ಸವೆಯಿತು. ಮೊದಲ ಆಪರೇಷನ್ ಮುಗಿದು ಡಿಸ್ಚಾರ್ಜ್ ಆಗುವ ದಿನವೇ, ಬೇಕಾದಾಗ ಸ್ಲೈಡು ಬ್ಲಾಕು ಯಾರನ್ನು ಕೇಳಬೇಕು ಎಂದು ಬರೆಸಿಕೊಂಡು ಬನ್ನಿ. ತೆಗೆದುಕೊಂಡ ಮೇಲೆ ಬಿಸಿಲಿನಲ್ಲಿ, ಬೈಕಿನ ಡಿಕ್ಕಿಯಲ್ಲಿ ಇಡಬೇಡಿ, ಮೇಣ ಕರಗುತ್ತದೆ.

ಇನ್ನು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಕಥೆ. ಬಿಪಿಎಲ್ ಕಾರ್ಡಿನವರಿಗೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ನಮ್ಮದು ಬಿಪಿಎಲ್. ಕಾರ್ಡು ಇದೆ, ರೆಫರಲ್ ಚೀಟಿ ಇದೆ, ಎಲ್ಲಾ ಸರಿ ಎಂದು ಹೋದರೆ ಕೌಂಟರಿನಲ್ಲಿ ತಡೆದರು. ಆಧಾರಿನಲ್ಲಿ ನನ್ನ ಹೆಸರಿನ ಕೊನೆಗೆ "ಅಮ್ಮ" ಇದೆ, ರೇಷನ್ ಕಾರ್ಡಿನಲ್ಲಿ ಇಲ್ಲ. ಹುಟ್ಟಿದ ವರ್ಷವೂ ಬೇರೆ. ವಾಪಸ್ಸು ಬಂದು ಗ್ರಾಮ ಒನ್, ಅಲ್ಲಿಂದ ತಾಲ್ಲೂಕು ಕಚೇರಿ, ಮತ್ತೆ ಗ್ರಾಮ ಒನ್. ಸರ್ವರ್ ಇದ್ದರೆ ಕರೆಂಟಿಲ್ಲ, ಕರೆಂಟಿದ್ದರೆ ಬೆರಳಚ್ಚು ಬೀಳುವುದಿಲ್ಲ. ಸಗಣಿ ಬಾಚಿ ಬಾಚಿ ಸವೆದ ಬೆರಳು ನನ್ನದು. ಆಧಾರ್, ರೇಷನ್ ಕಾರ್ಡ್, ರೆಫರಲ್ ಚೀಟಿ, ಬಯಾಪ್ಸಿ ವರದಿ, ಸಿಟಿ ವರದಿ, ಡಿಸ್ಚಾರ್ಜ್ ಸಮ್ಮರಿ ಇಷ್ಟನ್ನೂ ಐದಾರು ಜೆರಾಕ್ಸ್ ಮಾಡಿಸಿ ಇಟ್ಟುಕೊಂಡೆ. ಮೂಲ ಪ್ರತಿಯನ್ನು ಯಾರ ಕೈಗೂ ಬಿಟ್ಟು ಬರಲಿಲ್ಲ. ಬಸ್ಸಿಗೆ ನನಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ಟಿಲ್ಲ, ಯಜಮಾನರಿಗೆ ಮಾತ್ರ. ಶಿಡ್ಲಘಟ್ಟದಿಂದ ವಿಜಯಪುರ, ದೇವನಹಳ್ಳಿ ದಾಟಿ ಮೆಜೆಸ್ಟಿಕ್ ಸೇರುವಷ್ಟರಲ್ಲಿ ಒಂದಕ್ಕೆ ತಡೆಯಲಾರದ ಅವಸ್ಥೆ. ಬಸ್ಸಿನ ಕಂಡಕ್ಟರಿಗೆ ಹತ್ತುವಾಗಲೇ ಹೇಳಿಬಿಡಿ, ನಾಚಿಕೊಳ್ಳಬೇಡಿ. ದೇವನಹಳ್ಳಿ ನಿಲ್ದಾಣದಲ್ಲಿ ನನಗಾಗಿ ಬಸ್ಸು ಕಾದಿದೆ.

ಎರಡನೇ ಸಲ ಕೆತ್ತುವುದಕ್ಕೆ ದಿನ ಸಿಗುವವರೆಗೆ ಯೋಚನೆ ಮಾಡಲು ಬೇಕಾದಷ್ಟು ಹೊತ್ತಿತ್ತು. ಡಾಕ್ಟರು ಮೂರು ದಾರಿಯನ್ನು ಬಿಡಿಸಿ ಹೇಳಿದ್ದರು. ಮಾಂಸಖಂಡ ಶುದ್ಧವಾಗಿದ್ದರೆ ಬಿಸಿಜಿ ಔಷಧಿಯನ್ನು ಮೂತ್ರಕೋಶದೊಳಗೆ ಬಿಡುವುದು. ಮೂತ್ರಕೋಶ ಉಳಿಯುತ್ತದೆ, ಆದರೆ ಮೂರು ವರ್ಷದವರೆಗೆ ಓಡಾಟ, ಕೆಲವರಿಗೆ ಅದು ಕೆಲಸ ಮಾಡುವುದಿಲ್ಲ, ಆಗ ತೆಗೆಯುವುದನ್ನು ಮುಂದೂಡಬಾರದು. ಮಾಂಸಖಂಡಕ್ಕೆ ಹೋಗಿದ್ದರೆ, ಕಿಡ್ನಿ ಗಟ್ಟಿಯಾಗಿದ್ದವರಿಗೆ ಮೊದಲು ಸಿಸ್‌ಪ್ಲಾಟಿನ್ ಇರುವ ಕೀಮೋ, ಆಮೇಲೆ ಮೂತ್ರಕೋಶ ತೆಗೆಯುವುದು. ಅಥವಾ, ಎಲ್ಲರಿಗೂ ಆಗದಿದ್ದರೂ ಕೆಲವರಿಗೆ, ಗಡ್ಡೆಯನ್ನು ಪೂರ್ತಿ ಕೆತ್ತಿ ರೇಡಿಯೇಷನ್ ಮತ್ತು ಕೀಮೋ ಜೊತೆಯಲ್ಲೇ ಕೊಟ್ಟು ಮೂತ್ರಕೋಶ ಉಳಿಸಿಕೊಳ್ಳುವುದು. ತೆಗೆದರೂ ಎಲ್ಲರಿಗೂ ಹೊರಗಿನ ಚೀಲವೇ ಅಲ್ಲ, ಕರುಳಿನಿಂದಲೇ ಹೊಸ ಮೂತ್ರಕೋಶ ಕಟ್ಟುವುದೂ ಇದೆ. ಅದಕ್ಕೆ ತರಬೇತಿ, ತಾಳ್ಮೆ ಬೇಕು, ರಾತ್ರಿ ಎದ್ದು ಹೋಗಬೇಕು.

ನನಗೆ ಚೀಲದ್ದೇ ಹೆದರಿಕೆ. ಸೀರೆ ಉಡುವುದು ಹೇಗೆ, ವಾಸನೆ ಬಂದರೆ ಹೇಗೆ, ಸಂಘದಲ್ಲಿ ಹೆಂಗಸರ ಮಧ್ಯೆ ಕೂರುವುದು ಹೇಗೆ. ವಾರ್ಡಿನಲ್ಲಿ ಚಿಂತಾಮಣಿ ಕಡೆಯ ಒಬ್ಬ ಅಕ್ಕ ತಪಾಸಣೆಗೆ ಬಂದಿದ್ದರು. ಮೂತ್ರಕೋಶ ತೆಗೆಸಿ ಎರಡು ವರ್ಷ ದಾಟಿತ್ತು. ನಾನು ಕೇಳಲು ಹಿಂಜರಿಯುತ್ತಿದ್ದುದನ್ನು ನೋಡಿ ಅವರೇ ಬಚ್ಚಲಿಗೆ ಕರೆದುಕೊಂಡು ಹೋಗಿ ಸೆರಗು ಸರಿಸಿ ತೋರಿಸಿದರು. ಹೊಕ್ಕುಳ ಬಲಕ್ಕೆ ಕೆಂಪಗೆ ಗುಲಾಬಿ ಮೊಗ್ಗಿನಷ್ಟು ತೂತು, ಅದರ ಮೇಲೆ ಅಂಟಿಸಿದ ಚೀಲ, ಕೆಳಗೆ ಬಿಚ್ಚಿ ಖಾಲಿ ಮಾಡಲು ಮೂತಿ. ಸೀರೆ ಅದರ ಮೇಲೇ ಕಟ್ಟಿದ್ದರು, ಏನೂ ತಿಳಿಯುತ್ತಿರಲಿಲ್ಲ. ವಾಸನೆಯೂ ಇಲ್ಲ. ನಾನು ಬಸ್ಸಿನ ಕಷ್ಟ ಹೇಳಿಕೊಂಡಾಗ ನಕ್ಕರು: "ಬಸ್ಸಲ್ಲಿ ನಿನಗಿಂತ ನಾನೇ ಆರಾಮಾಗಿರ್ತೀನಿ ಕಣೇ." ಚೀಲದ ಖರ್ಚು ತಿಂಗಳು ತಿಂಗಳು ಬೀಳುತ್ತದೆ, ಬೇಸಿಗೆಯಲ್ಲಿ ಅಂಟು ಬಿಡುತ್ತದೆ ಎಂದೂ ಮುಚ್ಚಿಡದೆ ಹೇಳಿದರು. ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಬಂತು. ತೆಗೆಯಲೇಬೇಕಾದರೆ ತೆಗೆಸೋಣ, ಆದರೆ ಇಟ್ಟಿಗೆಯ ಸುದ್ದಿ ತಿಳಿಯದೆ ಬೇಡ ಎನ್ನುವ ತೀರ್ಮಾನ ನನ್ನೊಳಗೆ ಆಗಿಹೋಗಿತ್ತು. ಇಂಥ ಒಬ್ಬರನ್ನು ಭೇಟಿ ಮಾಡಿಸಿ ಎಂದು ಡಾಕ್ಟರನ್ನೇ ಕೇಳಿ. ನೆಂಟರ ಸಲಹೆ ನೂರು ಕೇಳಿದ್ದಕ್ಕಿಂತ ಅದು ಮೇಲು.

ಎರಡನೇ ವರದಿ: ಮಾಂಸಖಂಡ ಇದೆ, ಅದರಲ್ಲಿ ಕ್ಯಾನ್ಸರ್ ಇಲ್ಲ. ಹಳೆಯ ಜಾಗದ ಅಂಚಿನಲ್ಲಿ ಮೇಲ್ಪದರದಲ್ಲೇ ಚೂರು ಉಳಿದಿತ್ತು, ಅದೂ ಬಂದಿದೆ. ಬಿಸಿಜಿ ಎಂದು ತೀರ್ಮಾನವಾಯಿತು.

ಬಿಸಿಜಿ ಅಂದರೆ ಮಕ್ಕಳಿಗೆ ಹುಟ್ಟಿದಾಗ ಎಡತೋಳಿಗೆ ಹಾಕುವ ಅದೇ ಟಿಬಿ ಲಸಿಕೆ. ದುರ್ಬಲಗೊಳಿಸಿದ ಜೀವಂತ ರೋಗಾಣು. 1976ರಲ್ಲಿ ಕೆನಡಾದ ಅಲ್ವಾರೋ ಮೊರಾಲೆಸ್ ಎನ್ನುವ ಡಾಕ್ಟರು ಇದನ್ನು ಮೂತ್ರಕೋಶಕ್ಕೆ ಬಿಟ್ಟು ಫಲ ಕಂಡಿದ್ದನ್ನು ಪ್ರಕಟಿಸಿದರಂತೆ. ಅದು ನೇರವಾಗಿ ಕ್ಯಾನ್ಸರನ್ನು ಸುಡುವುದಿಲ್ಲ, ಮೈಯ ರೋಗನಿರೋಧಕ ಶಕ್ತಿಯನ್ನು ಆ ಗೋಡೆಯ ಮೇಲೆ ಎಬ್ಬಿಸುತ್ತದೆ. ಕೆತ್ತಿದ ಗಾಯ ಮಾಯಲು ಕೆಲವು ವಾರ ಬಿಟ್ಟು ಶುರು ಮಾಡುತ್ತಾರೆ. ವಾರಕ್ಕೊಂದರಂತೆ ಆರು ವಾರ. ಬೆಳಿಗ್ಗೆಯಿಂದ ನೀರು ಕಡಿಮೆ ಕುಡಿದು ಹೋಗಬೇಕು. ಸಣ್ಣ ಪೈಪಿನಿಂದ ಔಷಧಿ ಬಿಟ್ಟು ಪೈಪು ತೆಗೆಯುತ್ತಾರೆ. ಎರಡು ಗಂಟೆ ತಡೆಹಿಡಿದುಕೊಂಡು ಮಗ್ಗುಲು ಬದಲಿಸುತ್ತಾ ಮಲಗಬೇಕು. ಮೊದಲ ವಾರ ಸಲೀಸು. ನಾಲ್ಕನೆಯದರ ಹೊತ್ತಿಗೆ ಆ ಎರಡು ಗಂಟೆಯಲ್ಲಿ ನಾನು ಲಲಿತಾ ಸಹಸ್ರನಾಮ ಎಷ್ಟು ಸಲ ಹೇಳಿದೆನೋ.

ಆಮೇಲಿನ ಆರು ಗಂಟೆ ಒಂದಕ್ಕೆ ಹೋದಾಗಲೆಲ್ಲ ಕೂತೇ ಹೋಗಿ, ಗುಂಡಿಗೆ ಬ್ಲೀಚ್ ಹಾಕಿ, ಕಾಲು ಗಂಟೆ ಬಿಟ್ಟು ನೀರು ಹುಯ್ಯಬೇಕು, ಮೂತ್ರದಲ್ಲಿ ಜೀವಂತ ರೋಗಾಣು ಇರುತ್ತದೆ. ಹಾಗಾಗಿ ಅವತ್ತೇ ಬಸ್ಸು ಹತ್ತುವಂತಿಲ್ಲ. ಯಲಹಂಕದ ತಂಗಿಯ ಮನೆಯಲ್ಲಿ ಉಳಿಯುತ್ತಿದ್ದೆ. ಅವಳ ಅತ್ತೆ ಮುಖ ಸಿಂಡರಿಸಿದರು. ತಂಗಿ ನನ್ನ ಪರ ನಿಂತಳು: "ಅಕ್ಕನ ಕಾಯಿಲೆ ಯಾರಿಗೂ ಅಂಟಲ್ಲ ಅತ್ತೆ, ಔಷಧಿಗೆ ಮಾತ್ರ ಈ ಜಾಗ್ರತೆ." ಬಾಡಿಗೆ ಮನೆಯವರಾದರೆ ಒಂದು ದಿನಕ್ಕೆ ಆಸ್ಪತ್ರೆಯ ಹತ್ತಿರದ ಛತ್ರವೋ ಲಾಡ್ಜೋ ನೋಡಿಕೊಳ್ಳುವುದು ಮರ್ಯಾದೆಗೆ ಒಳ್ಳೆಯದು.

ಮಧ್ಯದಲ್ಲಿ ಒಂದು ವಾರ ಬೆಂಗಳೂರಿಗೆ ಹೋಗಿ ಬರಿಗೈಲಿ ಬಂದೆ. ಮೂತ್ರದಲ್ಲಿ ಇನ್‌ಫೆಕ್ಷನ್ ಇದ್ದರೆ, ರಕ್ತ ಕಾಣುತ್ತಿದ್ದರೆ ಬಿಸಿಜಿ ಕೊಡುವುದಿಲ್ಲ, ರೋಗಾಣು ರಕ್ತಕ್ಕೆ ಸೇರುವ ಅಪಾಯ. ಅಲ್ಲಿಂದ ಮುಂದೆ ಎರಡು ಮೂರು ದಿನ ಮೊದಲೇ ಶಿಡ್ಲಘಟ್ಟದಲ್ಲಿ ಮೂತ್ರ ಪರೀಕ್ಷೆ ಮಾಡಿಸಿ ವಾಟ್ಸಾಪಿನಲ್ಲಿ ಕಳಿಸಿ, ಬನ್ನಿ ಎಂದ ಮೇಲೆ ಹೊರಡುತ್ತಿದ್ದೆ. ಇನ್ನೊಂದು ವಾರ ಔಷಧಿಯೇ ಇರಲಿಲ್ಲ. ಹೊರಗಿನ ಅಂಗಡಿಯಲ್ಲಿ ಹುಡುಕಿ ತರಬೇಕಾಯಿತು. ಅದು ಎರಡರಿಂದ ಎಂಟು ಡಿಗ್ರಿ ತಂಪಿನಲ್ಲೇ ಇರಬೇಕು. ಸಂಘದಲ್ಲಿ ಹಾಲು ತಂಪಾಗಿಡುವ ಬಿಎಂಸಿ ಟ್ಯಾಂಕು ನೋಡಿಕೊಂಡ ನಮಗೆ ತಂಪು ತಪ್ಪಿದರೆ ಏನಾಗುತ್ತದೆ ಎಂದು ಹೇಳಿಕೊಡಬೇಕಾಗಿಲ್ಲ. ಮಗ ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ಪ್ಯಾಕ್ ಇಟ್ಟು ತಂದ. ಔಷಧಿ, ಪೈಪು, ಪರೀಕ್ಷೆ, ಬಸ್ಸು, ಊಟ ಎಲ್ಲಾ ಸೇರಿ ಕೈಯಿಂದ ವಾರಕ್ಕೆ ಎರಡರಿಂದ ಮೂರು ಸಾವಿರ ಹೋಯಿತು.

ಪ್ರತಿ ಸಲ ಎರಡು ದಿನ ಉರಿ, ಪದೇಪದೇ ಹೋಗಬೇಕೆನ್ನಿಸುವುದು, ಸಂಜೆ ಮೈ ಬಿಸಿ, ಸುಸ್ತು. ಇದು ಇರುವಂಥದ್ದೇ. ಆದರೆ 101 ಡಿಗ್ರಿ ದಾಟಿದ ಜ್ವರ ಒಂದು ದಿನ ಕಳೆದರೂ ಇಳಿಯದಿದ್ದರೆ, ಚಳಿ ನಡುಕ ಬಂದರೆ, ಕಾಯದೆ ಬನ್ನಿ ಎಂದಿದ್ದಾರೆ. ಊರಿನ ಡಾಕ್ಟರಿಗೆ ಬಿಸಿಜಿ ಕೊಟ್ಟಿರುವುದು ತಿಳಿಯದೆ ಸಾಮಾನ್ಯ ಜ್ವರದ ಮಾತ್ರೆ ಕೊಟ್ಟು ಕಳಿಸಬಹುದು. ಅದಕ್ಕೆ "ಮೂತ್ರಕೋಶಕ್ಕೆ ಬಿಸಿಜಿ ಕೊಡಲಾಗುತ್ತಿದೆ" ಎಂದು ಆಸ್ಪತ್ರೆಯ ಚೀಟಿ ಮೇಲೆ ಬರೆಸಿ ಪರ್ಸಿನಲ್ಲಿ ಇಟ್ಟುಕೊಂಡಿದ್ದೇನೆ.

ಇನ್ನು ಮುಂದೆ ಮೂರು, ಆರು, ಹನ್ನೆರಡನೇ ತಿಂಗಳು, ಆಮೇಲೆ ಆರಾರು ತಿಂಗಳಿಗೆ ಮೂರು ಮೂರು ವಾರದ ಸುತ್ತು, ಮೂರು ವರ್ಷ ತುಂಬುವವರೆಗೆ. ಮಧ್ಯೆ ಮಧ್ಯೆ ಕ್ಯಾಮೆರಾ, ಮೂತ್ರದ ಜೀವಕೋಶ ಪರೀಕ್ಷೆ. ಎಲ್ಲರಿಗೂ ಪೂರ್ತಿ ಸುತ್ತು ತಡೆದುಕೊಳ್ಳಲು ಆಗುವುದಿಲ್ಲವಂತೆ, ನೋಡೋಣ. ಮುಂದಿನ ಸುತ್ತಿಗೆ ಔಷಧಿ ಬಂದಿದೆಯಾ ಎಂದು ಸೋಮವಾರ ಫೋನ್ ಮಾಡಬೇಕು. ಆಯುಷ್ಮಾನ್ ಮಂಜೂರಾತಿ ಹೊಸ ಸುತ್ತಿಗೆ ಹೊಸದಾಗಿ ಬೇಕು ಎಂದು ನಮಗೆ ಹೇಳಿದ್ದಾರೆ. ಆ ಜೆರಾಕ್ಸ್ ಕಟ್ಟು ಮಗನ ಕೈಗೆ ಕೊಟ್ಟಾಗಿದೆ.